ಮದುವೆ ಮನೆಗೆ ಬೆಟ್ಟದ ದಾರಿ

ಹಲ್ವಾರ್‌ನ ಒಬ್ಬಳೇ ಮಗಳು ಸುನ್ನೀವಾಳ ಮದುವೆಯ ದಿನವೇ ಹಿಮ ಜಾರಿ ಬಂದು ಕಣಿವೆಯ ಒಂದೇ ರಸ್ತೆಯನ್ನು ಮುಚ್ಚಿಹಾಕಿತು. ಮನೆಮಂದಿಯೆಲ್ಲ ಹಿಂದಿನ ದಿನವೇ ಮದುವೆ ನಡೆಯಲಿದ್ದ ಬೆಟ್ಟದಾಚೆಯ ಕಡಲ ದಡದ ಊರು ಹೆಲ್ವಿಕ್ ಸೇರಿದ್ದರು. ಕುರಿಗಳು ಈಯುವ ಕಾಲವೆಂದು ಹಲ್ವಾರ್ ಮನೆಯಲ್ಲೇ ಉಳಿದಿದ್ದ. ಬಾದಾಮಿ ಹಿಟ್ಟಿನ ಬಳೆಗಳನ್ನು ಗೋಪುರದಂತೆ ಪೇರಿಸುವ ಮದುವೆ ಕೇಕು ಮುಗಿಸಲು ಅವನ ಅತ್ತಿಗೆ ಓಶಿಲ್ಡ್ ಉಳಿದಿದ್ದಳು.

"ಸ್ಕೀ ತಗೊಳ್ಳಿ ಅತ್ತಿಗೆ. ಬೆಟ್ಟ ಹತ್ತಿ ಇಳಿದ್ರೆ ಚರ್ಚಿನ ಬಾಗಿಲಲ್ಲೇ ಇರ್ತೀವಿ," ಅಂದ ಹಲ್ವಾರ್.

ಹೊರಡುವ ಹೊತ್ತಿಗೆ ಒಂದು ಕುರಿಗೆ ನೋವು ಬಂತು, ಮರಿ ಅಡ್ಡ ತಿರುಗಿತ್ತು. ಅದನ್ನು ಎಳೆದು ಉಳಿಸಿ, ಕೊಟ್ಟಿಗೆಯನ್ನು ನೆರೆಮನೆಯವನಿಗೆ ಒಪ್ಪಿಸುವಷ್ಟರಲ್ಲಿ ಹೊತ್ತು ಏರಿತ್ತು. ಬಳೆಗಳ ಡಬ್ಬ ಬೆನ್ನಿಗೆ ಹಾಕಿಕೊಂಡು ಓಶಿಲ್ಡ್ ಮುಂದೆ ನಡೆದಳು.

ಬೆಟ್ಟದ ತಲೆ ಮುಟ್ಟಿದಾಗ ಮಧ್ಯಾಹ್ನ. ಕೆಳಗೆ ನೀಲಿ ಕಡಲು, ದಡದಲ್ಲಿ ಬಿಳಿ ಚರ್ಚು. ನಡುವೆ ಒಂದು ಕಡಿದಾದ ಇಳಿಜಾರು, ಪಡುವಣಕ್ಕೆ ಮುಖಮಾಡಿದ್ದು. ಬಿಸಿಲು ಆಗಲೇ ಅದರ ಮೇಲೆ ಕೂತಿತ್ತು. ಬಂಡೆಗಳ ಬುಡದಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳುತ್ತಿದ್ದವು. ಓಶಿಲ್ಡ್ ಅಂಚಿನಲ್ಲಿ ನಿಂತು ಕೋಲು ಊರಿದಳು. ಅದು ಗಂಜಿಯಲ್ಲಿ ಸೌಟು ಇಳಿದಂತೆ ಹಿಡಿಯವರೆಗೂ ಇಳಿಯಿತು.

"ಇಲ್ಲಿ ಬೇಡ ಕಣೋ. ಬೆಟ್ಟದ ಬೆನ್ನಿನ ಮೇಲೇ ನಡೆದು ಬಡಗಣ ಕಡೆಯಿಂದ ಇಳಿಯೋಣ. ಅಲ್ಲಿನ್ನೂ ನೆರಳಿದೆ, ಹಿಮ ಗಟ್ಟಿ ಇರುತ್ತೆ."

"ಆ ಸುತ್ತು ಹಾಕಿದ್ರೆ ಸಂಜೆ ಆಗುತ್ತೆ ಅತ್ತಿಗೆ. ಇಲ್ಲಿಂದಾದ್ರೆ ಒಂದೇ ಜಾರು."

"ಜಾರೋದು ನಾವಷ್ಟೇ ಅಲ್ಲ, ಹಿಮಾನೂ ಜೊತೆಗೆ ಬರುತ್ತೆ."

ಹಲ್ವಾರ್ ಮುಖ ಕೆಂಪಾಯಿತು. "ನನ್ನ ಮಗಳ ಕೈ ಹಿಡಿದು ಕರ್ಕೊಂಡು ಹೋಗೋರು ಯಾರು ಹಾಗಾದ್ರೆ?"

ಅವನಿಗೂ ಹಿಮ ಗೊತ್ತಿತ್ತು. ಹುಟ್ಟಿ ಬೆಳೆದದ್ದೇ ಇದರ ಮಡಿಲಲ್ಲಿ. ಇವತ್ತು ಅವನ ಕಣ್ಣಿಗೆ ಚರ್ಚೊಂದೇ ಕಾಣುತ್ತಿದೆ ಎಂದು ಓಶಿಲ್ಡ್‌ಗೆ ಅರ್ಥವಾಯಿತು. ವಾದ ಬೆಳೆಸದೆ ಫೋನು ತೆಗೆದು ಅವನ ಕೈಗಿಟ್ಟಳು. "ಅವಳನ್ನೇ ಕೇಳು."

ಹಲ್ವಾರ್ ಆಚೆ ತಿರುಗಿ ಮಾತಾಡಿದ. ಬಹಳ ಹೊತ್ತು ಬರೀ ಹೂಂಗುಟ್ಟಿದ. ಫೋನು ವಾಪಸು ಕೊಡುವಾಗ ಅವನ ಭುಜ ಸಡಿಲವಾಗಿತ್ತು.

"ಏನಂದ್ಲು?"

"ಪಾದ್ರಿ ಎಲ್ಲಿಗೂ ಓಡಿಹೋಗಲ್ಲ, ಗಂಡೂ ಓಡಿಹೋಗಲ್ಲ, ನೀನು ನಿಧಾನಕ್ಕೆ ಬಾ ಅಪ್ಪಾ ಅಂದ್ಲು. ಊಟ ಮೊದಲು ಮಾಡ್ಬಿಡ್ತಾರಂತೆ, ಮದುವೆ ಆಮೇಲೆ."

ಬೆಟ್ಟದ ಬೆನ್ನಿನ ದಾರಿ ಉದ್ದವಿತ್ತು. ಸ್ಕೀ ಹೆಗಲಿಗೇರಿಸಿ ಬಂಡೆಯಿಂದ ಬಂಡೆಗೆ ನಡೆದರು. ಪ್ರತಿ ತಿರುವಿನಲ್ಲೂ ಹಲ್ವಾರ್ ಹಿಂದಿರುಗಿ ನೋಡುತ್ತಿದ್ದ. "ಅತ್ತಿಗೆ, ನಿಮ್ಮ ಇಳಿಜಾರಿನ ಹಿಮ ಇನ್ನೂ ಅಲ್ಲೇ ಇದೆ."

"ಇರಲಿ ಬಿಡು. ಅದನ್ನೇನು ಮದುವೆಗೆ ಕರೆದಿಲ್ವಲ್ಲ."

ಅವನು ಮೊದಲ ಸಲ ನಕ್ಕ. ನೆರಳಿನ ಹಿಮ ಬಿಸ್ಕತ್ತಿನಂತೆ ಗಟ್ಟಿಯಾಗಿತ್ತು. ಒಬ್ಬರು ಇಳಿದು ನಿಂತ ಮೇಲೆ ಇನ್ನೊಬ್ಬರು ಇಳಿದರು.

ಸಂಜೆ ಬಿಸಿಲಿನಲ್ಲಿ, ಒದ್ದೆ ಬೂಟಿನಲ್ಲೇ, ಹಲ್ವಾರ್ ಮಗಳ ಕೈ ಹಿಡಿದು ಚರ್ಚಿನೊಳಗೆ ನಡೆದ. ಆಗಲೇ ಕುರಿಮಾಂಸದ ಊಟ ಮುಗಿಸಿದ ನೆಂಟರು ತೂಕಡಿಸುತ್ತಲೇ ಹಾಡಿದರು. ಡಬ್ಬದಲ್ಲಿ ಕೆಲವು ಬಳೆಗಳು ಮುರಿದಿದ್ದವು. ಓಶಿಲ್ಡ್ ಸಕ್ಕರೆ ಪಾಕದಲ್ಲಿ ಅಂಟಿಸಿದಳು. ಗೋಪುರ ಸ್ವಲ್ಪ ವಾಲಿತ್ತು.

ಇಳಿಜಾರಿನ ಹಿಮ ಆ ದಿನ ಜಾರಲೇ ಇಲ್ಲ. ಕುಣಿತದ ನಡುವೆ ಹಲ್ವಾರ್ ಎರಡು ಸಲ ಬಂದು ಅದನ್ನು ಓಶಿಲ್ಡ್‌ಗೆ ಹೇಳಿಹೋದ. ಅವಳಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಜಾರಲಿ ಎಂದು ಅವಳೇನೂ ಬಯಸಿರಲಿಲ್ಲ.

ರಾತ್ರಿ ಮೋಡವಿರಲಿಲ್ಲ, ಚಳಿ ಕಚ್ಚಿತು. ಬೆಳಗ್ಗೆ ಕುರಿಗಳ ಚಿಂತೆಗೆ ಬಿದ್ದ ಹಲ್ವಾರ್ ಬಡಗಣ ದಾರಿಯತ್ತ ಹೊರಟಾಗ ಓಶಿಲ್ಡ್ ತಡೆದಳು.

"ಅಲ್ಲೆಲ್ಲಿಗೆ? ನೇರ ಹತ್ತೋಣ ಬಾ."

"ನಿನ್ನೆ ಬೇಡ ಅಂದ ಜಾಗದಲ್ಲೇ?"

"ನಿನ್ನೆಯದು ನಿನ್ನೆಗೆ. ಈಗ ಬಡಿದು ನೋಡು."

ಅವನು ಕೋಲಿನಿಂದ ಬಡಿದ. ಹಿಮ ಕಲ್ಲಿನಂತೆ ಠಣ್ಣೆಂದಿತು. ಬಿಸಿಲು ಇತ್ತ ತಿರುಗಲು ಇನ್ನೂ ಅರ್ಧ ದಿನವಿತ್ತು. ಜಾರದಂತೆ ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಅವಳು ಮೊದಲು ಹತ್ತಿದಳು, ಅವನು ದೂರ ಬಿಟ್ಟುಕೊಂಡು ಹಿಂದೆ ಬಂದ. ಜೇಬಿನಲ್ಲಿ ಉಳಿದ ಬಾದಾಮಿ ಬಳೆಯ ತುಂಡು ಬಾಯಿಗೆ ಹಾಕಿಕೊಂಡು, ಮೇಲೆ ನಿಂತು, ಅವನು ಏದುಸಿರು ಬಿಡುತ್ತ ಬರುವುದನ್ನೇ ಅವಳು ಹಾಯಾಗಿ ನೋಡಿದಳು.