ಸೆಫಿನಾ ದೊಡ್ಡಮ್ಮನ ಬಿಳಿಚಿದ ಮನೆ

ಸಿಯೆನಿ ಬೆರಳಾಡಿಸಿದಂತೆ ಲ್ಯಾಪ್‌ಟಾಪಿನ ಪರದೆಯಲ್ಲಿ ಊರೇ ತೇಲುತ್ತಿತ್ತು. ಅಪಿಯಾ ಪಟ್ಟಣದಾಚೆಯ ಆ ಕಡಲಂಚಿನ ಮನೆಗಳು ಲಂಗರು ಬಿಟ್ಟ ದೋಣಿಗಳ ಹಾಗೆ ನಿಧಾನವಾಗಿ ತಿರುಗುತ್ತಿದ್ದವು: ಹಳದಿ ಗೋಡೆ, ಕೆಂಪು ಚಾವಣಿ, ನೇರಳೆ ಬಣ್ಣದ ಇಗರ್ಜಿ. ನಡುವೆ ಒಂದೇ ಒಂದು ಮನೆ ಮಾತ್ರ ಸುಣ್ಣದಂತೆ ಬಿಳಿಚಿಕೊಂಡಿತ್ತು.

ಅದು ಸೆಫಿನಾ ದೊಡ್ಡಮ್ಮನದು. ಕಡಲು ಅಂಗಳಕ್ಕೇ ಬಂದುಬಿಟ್ಟಿದ್ದರಿಂದ ನಾಳೆ ಮನೆ ಕೆಡವಿ ಎಲ್ಲರೂ ಗುಡ್ಡಕ್ಕೆ ಹೋಗುವವರಿದ್ದರು. ಚಿತ್ರದಲ್ಲಾದರೂ ತನ್ನ ಮನೆ ಇದ್ದ ಹಾಗೇ ಉಳಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದು ಮುದುಕಿ ಹಟ ಹಿಡಿದಿದ್ದಳು. ಭೂಮಾಪನ ಕಚೇರಿಯಲ್ಲಿ ಕೂತು ಊರಿನ ಈ ಮಾದರಿ ಮಾಡಿದವಳು ಸಿಯೆನಿ. ಆಗಲಿ ಎಂದು ಮಾತು ಕೊಟ್ಟವಳೂ ಅವಳೇ.

ಚಾಪೆಯ ಮೇಲೆ ಕೂತಿದ್ದ ದೊಡ್ಡಮ್ಮ ಬೀಸಣಿಗೆ ಆಡಿಸುತ್ತ ಪರದೆಯತ್ತ ಬಗ್ಗಿದಳು.

"ಇದು ಮನೆಯೇನೇ? ಅಂಗಳದಲ್ಲಿರೋ ನಿಮ್ಮ ದೊಡ್ಡಪ್ಪನ ಗೋರಿ ಬೆಳೆದು ನಿಂತ ಹಾಗಿದೆ."

"ತಡಿ ದೊಡ್ಡಮ್ಮ, ಬಣ್ಣ ಎಲ್ಲೋ ದಾರಿ ತಪ್ಪಿದೆ."

"ಬಸ್ಸಿಗೆ ಬಳಿದು ಮಿಕ್ಕಿದ್ದನ್ನ ತಂದು ಹಚ್ಚಿದ್ದರು ನಿಮ್ಮ ದೊಡ್ಡಪ್ಪ ಮಹಾರಾಯರು. ಹಸಿರು ಗೋಡೆ, ಗುಲಾಬಿ ಕಂಬ. ಊರೆಲ್ಲ ನಕ್ಕಿತ್ತು. ಅದನ್ನೂ ಕಳೆದ್ಯಾ?"

ಸಿಯೆನಿ ಬೆಳಕು ಹೆಚ್ಚಿಸಿ ನೋಡಿದಳು, ಮುಚ್ಚಿ ತೆರೆದಳು. ಫೋಟೊಗಳ ಕಡತದಲ್ಲಿ ಹಸಿರು ಗೋಡೆ ಹಾಗೇ ಇತ್ತು, ತನ್ನ ಮನೆ ಸಿಗದೆ. ಈ ಮಾದರಿಯಲ್ಲಿ ಮನೆಯ ಆಕಾರ ಒಂದು ಕಡತದಲ್ಲಿ, ಬಣ್ಣ ಫೋಟೊಗಳ ಕಡತದಲ್ಲಿ. ಮನೆಯೊಡೆಯನ ಹೆಸರು ಹಿಡಿದು ಬಣ್ಣ ಬಂದು ಗೋಡೆಗೆ ಕೂರಬೇಕು. ಬಾಗಿಲಿಗೆ ನಂಬರಿಲ್ಲದ ಊರಿನಲ್ಲಿ ಬೇರೆ ಗುರುತೇನಿದೆ?

ಹೊರಗೆ ದೊಡ್ಡಮ್ಮನ ಮಗ ಹಲಗೆ ಪೇರಿಸುತ್ತಿದ್ದ. "ರೋಪತಿ, ಕೊಕೊ ಆರ್ತಾ ಇದೆ ಬಾರೋ" ಎಂದು ಕೂಗಿದ ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡಳು. "ಟುಯಿಲೊಮಾ ಅನ್ನಬೇಕಲ್ಲ ಈಗ. ಮುಖಂಡನ ಪಟ್ಟ ಆಯ್ತು, ಹೆಸರೂ ಬದಲಾಯ್ತು, ನನ್ನ ಬಾಯಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ."

ಸಿಯೆನಿಯ ಕೈ ನಿಂತಿತು. ಹಳೆಯ ಹೆಸರೇ ಇದ್ದರೆ ಅಣ್ಣನಿಗೆ ಅಗೌರವವಾದೀತೆಂದು, ಪಟ್ಟದ ಮರುದಿನವೇ ಆಕಾರದ ಕಡತದಲ್ಲಿ ಮನೆಯೊಡೆಯನ ಹೆಸರನ್ನು ತಿದ್ದಿದವಳು ಅವಳೇ. ಬಣ್ಣಕ್ಕೆ ಯಾರೂ ಹೇಳಿರಲಿಲ್ಲ. ಅದು ಇನ್ನೂ ರೋಪತಿಯ ಮನೆ ಹುಡುಕುತ್ತ ಕಡಲಂಚಿನಲ್ಲಿ ಅಲೆಯುತ್ತಿತ್ತು.

"ತಪ್ಪು ನಂದೇ ದೊಡ್ಡಮ್ಮ. ಗೌರವ ಕೊಡೋಕೆ ಹೋಗಿ ಮನೆ ಬೋಳು ಮಾಡ್ದೆ."

"ಇಂಥ ಗೌರವಾನ ನಿನ್ನ ಆಫೀಸಲ್ಲೇ ಇಟ್ಕೋ ತಾಯಿ."

ಸಿಯೆನಿ ಫೋಟೊಗಳಿಗೂ ಪಟ್ಟದ ಹೆಸರು ಕೊಟ್ಟಳು. ಹಸಿರು ಅಲೆಯಂತೆ ಗೋಡೆ ಹತ್ತಿತು; ಕಂಬಗಳು ಒಂದರ ಹಿಂದೊಂದು ಗುಲಾಬಿಯಾದವು. ಫೋಟೊ ತೆಗೆದ ದಿನದ ಜೀಗುಜ್ಜೆ ಮರದ ನೆರಳು, ಒಣಹಾಕಿದ್ದ ಬಟ್ಟೆ, ಮಲಗಿದ್ದ ನಾಯಿ, ಎಲ್ಲ ಗೋಡೆಗೇ ಚಪ್ಪಟೆಯಾಗಿ ಅಂಟಿಕೊಂಡಿದ್ದವು. ಅಲ್ಲಿ ಕಡಲು ಅಲುಗದೆ, ದೂರದಲ್ಲೇ ನಿಂತಿತ್ತು.

ದೊಡ್ಡಮ್ಮ ಬೀಸಣಿಗೆ ಕೆಳಗಿಟ್ಟು ಪರದೆಗೆ ಇನ್ನಷ್ಟು ಹತ್ತಿರ ಸರಿದಳು.

"ಹಿತ್ತಿಲ ಕಡೆ ತಿರುಗಿಸು," ಎಂದಳು. "ಹೂಂ. ಬಣ್ಣ ಸಿಪ್ಪೆ ಎದ್ದಿರೋದೂ ಇದೆ. ನಿನ್ನ ಡಬ್ಬ ಸುಳ್ಳು ಹೇಳಲ್ಲ."

ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ತಾನು ಕೂತಿದ್ದ ಚಾಪೆಯನ್ನೇ ಸುತ್ತತೊಡಗಿದಳು.

"ಏಳೇ, ಇನ್ನೊಂದು ತುದಿ ಹಿಡಿ. ಬಿಸಿಲು ಇಳಿದಿದೆ, ಈಗಲೇ ಗುಡ್ಡ ಹತ್ತೋಣ."