ಉಮ್ಮನ ಮುಂದೆ ಮೂರು ಮಾನಿಟರ್

ಕಂಪ್ಯೂಟರ್ ಕಣ್ಣು ತಿನ್ನುತ್ತದೆ ಎಂಬುದರಲ್ಲಿ ಅವ್ವಮ್ಮನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಾಕ್ಷಿ ಮನೆಯಲ್ಲೇ ಇತ್ತು. ಮೆಲ್ಕಾರಿನ ಪ್ರೆಸ್ಸಿನಲ್ಲಿ ಇಡೀ ದಿನ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಮಾಡಿ ಮಗಳು ನುಸ್ರತ್ ಸಂಜೆ ಪಾಣೆಮಂಗಳೂರಿನ ಮನೆಗೆ ಬರುವಾಗ ಅವಳ ಕಣ್ಣು ಕೆಂಪಗೆ ಊದಿಕೊಂಡಿರುತ್ತಿತ್ತು, ತಲೆ ಸಿಡಿಯುತ್ತಿತ್ತು. ಅಡುಗೆಮನೆಗೆ ನುಗ್ಗಿ ನೀರುಳ್ಳಿ ಹೆಚ್ಚುವ ನಾಟಕ ಮಾಡಿದರೆ ಹೆತ್ತ ಉಮ್ಮನಿಗೆ ಗೊತ್ತಾಗದೇ? ಹೊಸಿಲು ದಾಟುವ ಮೊದಲೇ ಕೆಂಪಾದ ಕಣ್ಣಿಗೂ ನೀರುಳ್ಳಿಗೂ ಏನು ಸಂಬಂಧ?

ದುಬೈಯಲ್ಲಿದ್ದ ಅಣ್ಣ ಉನೈಸ್ ಫೋನಿನಲ್ಲಿ, "ನಾನು ಕಳಿಸ್ತಾ ಇಲ್ವಾ ಉಮ್ಮಾ, ಅವಳಿಗೆ ಯಾಕೆ ಕೆಲಸ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. ಅವನಿಗೇನು ಗೊತ್ತು! ಮದುವೆಯ ಕಾಗದದಿಂದ ಹಿಡಿದು ಯಕ್ಷಗಾನದ ಹ್ಯಾಂಡ್‌ಬಿಲ್ಲಿನವರೆಗೆ ಸುತ್ತಲಿನ ಊರುಗಳ ಸಂಭ್ರಮವೆಲ್ಲ ಮೊದಲು ನುಸ್ರತಳ ಬೆರಳಿನಡಿ ಹಾದು ಹೋಗಬೇಕು. ಆ ಕುರ್ಚಿ ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಪ್ರೆಸ್ಸಿನ ಧಣಿ ಮುಂಡಪ್ಪಣ್ಣ ಒಳ್ಳೆಯ ಮನುಷ್ಯ. "ಹಳೆ ಮಾನಿಟರ್ ನಡುಗ್ಲಿಕ್ಕೆ ಸುರು ಮಾಡಿದೆ. ಬಿ.ಸಿ. ರೋಡಿಗೆ ಹೋಗಿ ನಿನ್ನ ಕಣ್ಣಿಗೆ ಯಾವುದು ಹಿತವೋ ಅದನ್ನೇ ಆರಿಸಿ ತಾ" ಎಂದರು. ಸುದ್ದಿ ಕೇಳಿದ್ದೇ ತಡ, ಅವ್ವಮ್ಮ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ನಾನೂ ಬರ್ತೇನೆ. ಅದರ ಮುಂದೆ ಮೊದಲು ನಾನು ಕೂತ್ಕೊಳ್ತೇನೆ. ನನ್ನ ಕಣ್ಣಲ್ಲಿ ನೀರು ಬಂದ್ರೆ, ನಾಳೆಯಿಂದ ನೀನು ಮನೆಯಲ್ಲಿರು. ಮತ್ತೆ ಮಾತಿಲ್ಲ."

ಚಪ್ಪಲಿಗೆ ಕಾಲು ಹಾಕುತ್ತಿದ್ದ ನುಸ್ರತ್ ಅರ್ಧಕ್ಕೇ ನಿಲ್ಲಿಸಿದಳು. ಪೊರೆ ತೆಗೆಸಿದ ಮೇಲೆ ಉಮ್ಮನ ಕಣ್ಣು ಒಲೆಯ ಹೊಗೆಗೂ ತಾಳುತ್ತಿರಲಿಲ್ಲ, ಅಂಗಳದ ಬಿಸಿಲಿಗೂ ತಾಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕುರ್‌ಆನ್ ಬಿಡಿಸಿ ಓದುತ್ತಿದ್ದವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ಕಪಾಟಿನಲ್ಲಿ ಇಟ್ಟಿದ್ದಳು. ಉನೈಸ್ ದೊಡ್ಡಕ್ಷರದ್ದು ಕಳಿಸಿದರೂ, ಕನ್ನಡಕ ಬದಲಾಯಿಸಿದರೂ, ಸಾಲುಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದವು. ಈಗ ಬಾಯಿಪಾಠ ಬರುವಷ್ಟನ್ನು ಕಣ್ಣು ಮುಚ್ಚಿ, ಮೈ ತೂಗುತ್ತ ಹೇಳಿಕೊಳ್ಳುವುದೊಂದೇ ಉಳಿದಿತ್ತು. ಅಂಥ ಕಣ್ಣಿನ ಮುಂದೆ ತನ್ನ ಕೆಲಸ ಪಾಸಾಗಬೇಕು!

ಬಿ.ಸಿ. ರೋಡಿನ ಕಂಪ್ಯೂಟರ್ ಅಂಗಡಿಯ ಶೋಧನ್ ಚಪ್ಪಲಿ ಹೊರಗೆ ಬಿಡಿಸಿ ಇಬ್ಬರನ್ನೂ ಒಳಗೆ ಕರೆದ. ಸಾಲಾಗಿ ಮಾನಿಟರುಗಳು, ಎಲ್ಲದರಲ್ಲೂ ಗಿಳಿ, ಜಲಪಾತ, ಹೂವು. "ನೋಡಿ ಅಮ್ಮ, ಗಿಳಿಯ ರೆಕ್ಕೆಯ ಒಂದೊಂದು ಗರಿ ಸಹ ಕಾಣ್ತದೆ!"

"ಗಿಳಿ ಕಟ್ಟಿಕೊಂಡು ಇವಳಿಗೆ ಏನಾಗ್ಬೇಕು ಮಗಾ? ಅಕ್ಷರ ತೋರಿಸು."

ಮೊದಲನೆಯದು ಹೊಟ್ಟೆ ಉಬ್ಬಿದ ಹಳೆ ಮಾದರಿ. ಅದರ ಗಾಜಿನಲ್ಲಿ ಮೇಲಿನ ಟ್ಯೂಬ್‌ಲೈಟ್ ಇಡಿಯಾಗಿ ಮಲಗಿತ್ತು, ಅಕ್ಷರಗಳು ಸಣ್ಣಗೆ ನಡುಗುತ್ತಿದ್ದವು. ಅವ್ವಮ್ಮ ಕೂತಷ್ಟೇ ಬೇಗ ಎದ್ದು ತಲೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. ಎರಡನೆಯದರ ಗಾಜು ಚಪ್ಪಟೆ, ನಡುಕ ಮಾತ್ರ ಅದೇ. ಮತ್ತೆ ಕಣ್ಣೊರೆಸಿದಳು. ನುಸ್ರತಳ ಮುಖ ಸಪ್ಪೆಯಾಯಿತು.

ಮೂರನೆಯದು ಎಲ್‌ಸಿಡಿ, ಕೂರುವ ಮಣೆಯಷ್ಟೇ ತೆಳ್ಳಗಿತ್ತು. ಅದರಲ್ಲಿ ನಡುಕವೇ ಇರಲಿಲ್ಲ. ಆದರೆ ಅಕ್ಷರಗಳ ಅಂಚು ನೀರು ಕುಡಿದ ಹಾಗೆ ಉಬ್ಬಿಕೊಂಡಿತ್ತು. "ಇದೂ ಇಷ್ಟೆಯಾ?" ಎಂದಳು ನುಸ್ರತ್.

"ತಡೀರಿ ಮಾರಾಯ್ರೆ" ಎಂದು ಶೋಧನ್ ನಕ್ಕ. "ಇದರೊಳಗೆ ಎಷ್ಟು ಚುಕ್ಕಿ ಉಂಟೋ ಅಷ್ಟನ್ನೇ ಕಂಪ್ಯೂಟರಿಗೂ ಹೇಳ್ಬೇಕು. ಇಲ್ಲದಿದ್ರೆ ಹೀಗೇ ಮಸುಕು." ಅವನು ಏನೋ ಬದಲಾಯಿಸಿದ, ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಕಣ್ಣು ಕೋರೈಸುತ್ತಿದ್ದ ಬೆಳಕನ್ನು ನುಸ್ರತಳೇ ಅರ್ಧಕ್ಕೆ ಇಳಿಸಿದಳು.

ಆಮೇಲೆ ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. ಒತ್ತಕ್ಷರದ ಪುಟ್ಟ ಸುರುಳಿ, ದೀರ್ಘದ ಬಾಲ, ಎಲ್ಲವೂ ಅಚ್ಚಾದ ಕಾಗದದಲ್ಲಿದ್ದ ಹಾಗೆ ಅಲುಗಾಡದೆ ನಿಂತಿದ್ದವು. ಇಷ್ಟು ವರ್ಷ ತಾನು ಜೋಡಿಸಿದ್ದು ಅಕ್ಷರಗಳನ್ನೋ, ಅವುಗಳ ನೆರಳನ್ನೋ?

ಅವ್ವಮ್ಮ ಮಾತ್ರ ಕರಗಲಿಲ್ಲ. "ನನಗೆ ಕನ್ನಡ ಓದ್ಲಿಕ್ಕೆ ಬರ್ತದಾ? ನನಗೆ ಬರುವಂಥದ್ದು ಹಾಕು."

ಪರೀಕ್ಷೆಗೆಂದು ನುಸ್ರತ್ ತಂದಿದ್ದ ಸಿಡಿಯಲ್ಲಿ ಪ್ರೆಸ್ಸಿನ ಕೆಲಸಗಳಿದ್ದವು. ತೀರಿಹೋದ ಯಾರದೋ ನೆನಪಿಗೆ ಹಂಚಲು ಮಾಡಿದ ಪುಸ್ತಿಕೆಯೂ ಇತ್ತು, ಅದರಲ್ಲಿ ಕುರ್‌ಆನಿನ ಅರಬಿ ಪುಟಗಳು. ಒಂದು ಪುಟ ತೆರೆದು, ಎರಡೇ ಸಾಲು ಇಡೀ ಪರದೆ ತುಂಬುವಷ್ಟು ದೊಡ್ಡದು ಮಾಡಿದಳು.

ಅವ್ವಮ್ಮ ನೋಡಿದಳು. ನೋಡುತ್ತಲೇ ಇದ್ದಳು. ಅವಳ ಕಣ್ಣು ತುಂಬಿ ಒಂದು ಹನಿ ಕೆನ್ನೆಗಿಳಿಯಿತು.

"ಮಗಾ, ನೀರು ಎಲ್ಲಿ ಉಂಟು?" ಉಮ್ಮ ಎದ್ದಳು.

ಮುಗಿಯಿತು ಎಂದುಕೊಂಡಳು ನುಸ್ರತ್. ಉರಿಯುವ ಕಣ್ಣು ತೊಳೆಯಲು ನೀರು ಬೇಕಾಗಿದೆ. ನಾಳೆಯಿಂದ ಆ ಕುರ್ಚಿಯಲ್ಲಿ ಬೇರೆ ಯಾರೋ. "ಅಯ್ಯೋ ಅಮ್ಮ, ಇಲ್ಲಿ ಬೇಡ, ಮೆಷಿನ್ ಹಾಳಾದೀತು" ಎಂದು ಗಾಬರಿಯಾದ ಶೋಧನ್ ಅವಳನ್ನು ಹಿಂಬದಿಯ ನಳ್ಳಿಗೆ ಕರೆದುಕೊಂಡು ಹೋದ. ಉಮ್ಮನಿಗೆ ಆಸರೆಯಾಗಲೆಂದು ನುಸ್ರತ್ ಹಿಂದೆಯೇ ಓಡಿದಳು.

ಉಮ್ಮ ಮೊದಲು ಕೈ ತೊಳೆದಳು. ಬಾಯಿ ಮುಕ್ಕಳಿಸಿದಳು. ಮುಖ, ಮೊಣಕೈವರೆಗೆ ತೋಳು. ಒದ್ದೆ ಅಂಗೈಯನ್ನು ತಲೆಗೆ ಸವರಿ, ಕೊನೆಗೆ ಪಾದ. ನುಸ್ರತ್ ನಿಂತಲ್ಲೇ ನಿಂತಳು. ಇದು ಕಣ್ಣು ತೊಳೆಯುವುದಲ್ಲ, ಕುರ್‌ಆನ್ ಮುಟ್ಟುವ ಮೊದಲು ಮಾಡುವ ಅಂಗಸ್ನಾನ. ಬಾಯಿಪಾಠ ಹೇಳುವುದಕ್ಕೆ ಉಮ್ಮ ಇದನ್ನು ಮಾಡುತ್ತಿರಲಿಲ್ಲ, ಮೀನು ಕೊಯ್ಯುತ್ತಲೂ ಹೇಳಿಕೊಳ್ಳುತ್ತಿದ್ದಳು. ಕಿತಾಬು ಬಿಡಿಸುವುದಿದ್ದರೆ ಮಾತ್ರ ನೀರು ಬೇಕು. ಎಂದರೆ ಉಮ್ಮನಿಗೆ ಆ ಪರದೆಯಲ್ಲಿ ಕಿತಾಬು ಕಂಡಿದೆ.

ಅವ್ವಮ್ಮ ತಲೆಬಟ್ಟೆ ಸರಿಪಡಿಸಿಕೊಂಡು ಬಂದು ಕೂತಳು. ಬೆರಳನ್ನು ಪರದೆಗೆ ತಾಗಿಯೂ ತಾಗದಂತೆ ಹಿಡಿದು ಓದತೊಡಗಿದಳು. ಕಣ್ಣು ಮುಚ್ಚಲಿಲ್ಲ, ಮೈ ತೂಗಲಿಲ್ಲ. ತಡೆದು ತಡೆದು, ಒಂದೊಂದೇ ಅಕ್ಷರ ಬಿಡಿಸಿ, ಮದರಸದ ಹುಡುಗಿಯ ಹಾಗೆ ಓದಿದಳು. ಸಾಲು ಮುಗಿದಾಗ ತಿರುಗದೆಯೇ ಕೈಸನ್ನೆ ಮಾಡಿದಳು. ನುಸ್ರತ್ ಮುಂದಿನ ಸಾಲು ತಂದಳು. ಶೋಧನ್ ಎದ್ದು ರೇಡಿಯೋ ಆರಿಸಿದ. ಒಳಗೆ ಬರಲಿದ್ದ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತರು. ಹೆದ್ದಾರಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಲೇ ಇದ್ದವು, ನುಸ್ರತಳಿಗೆ ಕೇಳಿಸಿದ್ದು ಉಮ್ಮನ ದನಿ ಒಂದೇ. ಎಷ್ಟು ವರ್ಷವಾಗಿತ್ತು ಆ ದನಿ ಹೀಗೆ ಓದಿ! ದೇವರೇ, ಒಂದು ಪರದೆಯಿಂದ ಇದೂ ಆಗುತ್ತದೆಯೇ ಎಂದು ಅವಳು ಬೆರಗಾಗಿ ನಿಂತಿದ್ದಳು.

ಹೊಸ ಎಲ್‌ಸಿಡಿಯ ಪೆಟ್ಟಿಗೆಯನ್ನು ರಿಕ್ಷಾದವನು ಕಾಲ ಬಳಿ ಇಡಲು ಹೋದಾಗ ಅವ್ವಮ್ಮ ತಡೆದಳು. "ಕಾಲಡಿಯಲ್ಲಿ ಬೇಡ" ಎಂದು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಉಮ್ಮಾ, ಅದರೊಳಗೆ ಏನೂ ಇಲ್ಲ. ಅಕ್ಷರ ಇದ್ದದ್ದು ಸಿಡಿಯಲ್ಲಿ."

"ಇರಬಹುದು. ನಾನು ಓದಿದ್ದು ಇದರಲ್ಲಿ."

ರಿಕ್ಷಾ ನೇತ್ರಾವತಿಯ ಸೇತುವೆಗೆ ಬಂತು. ನಾಳೆಯ ವಿಷಯ ಹೇಗೆ ಕೇಳುವುದು ಎಂದು ನುಸ್ರತ್ ಒಳಗೊಳಗೇ ಮಾತು ಜೋಡಿಸುತ್ತಿದ್ದಳು. ಅಷ್ಟರಲ್ಲಿ ಉಮ್ಮನೇ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಸಣ್ಣ ದನಿಯಲ್ಲಿ ಕೇಳಿದಳು:

"ನಾಳೆ ನೀನು ಸ್ವಲ್ಪ ಬೇಗ ಹೋಗ್ತೀಯಾ? ಮುಂಡಪ್ಪಣ್ಣನವರ ಹತ್ರ ಕೇಳು, ಕೆಲಸ ಸುರುವಾಗುವ ಮೊದಲು ನಾನೂ ನಿನ್ನೊಟ್ಟಿಗೆ ಬಂದು ಇದರ ಮುಂದೆ ಕೂತ್ಕೊಳ್ಳಬಹುದಾ ಅಂತ."