ಬಿಗಿದು ಕಟ್ಟಿದ ಕಾಲು

ನಮ್ಮ ವಠಾರಗಳಲ್ಲಿ ಮಗು ಅತ್ತರೆ ಹತ್ತು ಜನ ಓಡಿ ಬರುತ್ತಾರೆ. ಅದೇ ಮಗು ಓಲಾಡುತ್ತ ನಡೆದರೆ ಹತ್ತು ಜನ ನಗುತ್ತಾರೆ. ನಾನೂ ನಕ್ಕವಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬುದ್ಧಿ ಹೇಳಲು ಬಂದವಳು ತಾನು ತಪ್ಪೇ ಮಾಡಿಲ್ಲ ಎನ್ನುವಂತೆ ಕೂರಬಾರದು.

ನನ್ನ ಹೆಸರು ವಿಮಲಮ್ಮ, ಆರೋಗ್ಯ ಕೇಂದ್ರದ ನರ್ಸ್. ಬಾಪೂಜಿ ನಗರದ ಗಲ್ಲಿಗಳಲ್ಲಿ ಮನೆಮನೆ ತಿರುಗಿ ಬಸುರಿ ಬಾಣಂತಿಯರನ್ನು ವಿಚಾರಿಸುವುದು, ಮಕ್ಕಳಿಗೆ ಪೋಲಿಯೊ ಹನಿ ಹಾಕುವುದು ನನ್ನ ಕೆಲಸ. 2004ರಲ್ಲಿ ಅಲ್ಲಿನ ಮರಿಯಪ್ಪನವರ ವಠಾರಕ್ಕೆ ಗದಗದ ಕಡೆಯ ಒಂದು ಸಂಸಾರ ಬಂತು. ಗಂಡ ಶ್ರೀಶೈಲ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೆಂಡತಿ ಶಿಲ್ಪಾ ಚೊಚ್ಚಲ ಬಸುರಿ. ಮಗಳನ್ನು ತವರಿಗೆ ಕರೆದೊಯ್ಯಲು ಬಂದ ತಾಯಿ ಹಾಲವ್ವ ಇಲ್ಲೇ ಉಳಿಯಬೇಕಾಯಿತು. ಮಗುವಿನ ತಲೆ ಕೆಳಗೆ ತಿರುಗಿಲ್ಲ, ಅಂಡು ಕೆಳಗಿದೆ, ದೂರದ ಪ್ರಯಾಣ ಬೇಡ ಎಂದಿದ್ದರು ಡಾಕ್ಟರು. ಕೊನೆಗೆ ಆಪರೇಶನ್ ಮಾಡಿ ಹೆಣ್ಣುಮಗುವನ್ನು ತೆಗೆದರು. ವಿಜಯಶ್ರೀ ಎಂದು ಹೆಸರಿಟ್ಟರು. ಎಲ್ಲರ ಬಾಯಲ್ಲೂ ಅವಳು ವಿಜಿ. ಮೊಮ್ಮಗಳನ್ನು ಬಿಟ್ಟು ಹಾಲವ್ವ ಊರಿಗೆ ಮರಳಲೇ ಇಲ್ಲ.

ಹಾಲವ್ವನ ಬಾಣಂತನವನ್ನು ಇಡೀ ವಠಾರವೇ ಹೊಗಳುತ್ತಿತ್ತು. ಹದವಾದ ಬಿಸಿನೀರು, ಕೊಬ್ಬರಿ ಎಣ್ಣೆ, ಲೋಬಾನದ ಹೊಗೆ. ಸ್ನಾನ ಮುಗಿದ ಮೇಲೆ ಮಗುವಿನ ಎರಡೂ ಕಾಲುಗಳನ್ನು ನೆಟ್ಟಗೆ ಎಳೆದು ಜೋಡಿಸಿ, ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಎದೆಯಿಂದ ಹಿಮ್ಮಡಿಯವರೆಗೆ ಸುತ್ತಿ ಬಿಗಿಯಾಗಿ ಕಟ್ಟುತ್ತಿದ್ದಳು.

"ಇಷ್ಟು ಬಿಗಿ ಬೇಕಾ?" ಎಂದು ಒಮ್ಮೆ ಕೇಳಿದೆ.

"ಕಾಲು ಸೊಟ್ಟ ಆಗಬಾರದಲ್ರೀ ಬಾಯಾರ. ನನ್ನ ಐದೂ ಮಕ್ಕಳಿಗೆ ಹಿಂಗ ಕಟ್ಟೀನಿ. ಒಬ್ಬರಾದ್ರೂ ಕುಂಟ್ಯಾರೇನು?"

ಐದು ಹೆತ್ತವಳ ಮುಂದೆ ನನ್ನದೇನು ಎಂದು ಸುಮ್ಮನಾದೆ. ಆ ಮನೆ ವಠಾರದ ನಟ್ಟನಡುವೆ ಇತ್ತು. ಮೇಲೆ ಶೀಟು, ಎದುರಿಗೆ ಗೋಡೆ. ಬಾಣಂತಿಗೆ ಗಾಳಿ ತಗುಲಬಾರದೆಂದು ಇದ್ದ ಒಂದು ಕಿಟಕಿಯನ್ನೂ ಮುಚ್ಚಿದ್ದರು. ಪೋಲಿಯೊ ಭಾನುವಾರ ಹೋದಾಗಲೂ ನಾನು ಮಗುವಿನ ಬಾಯಿಗೆ ಎರಡು ಹನಿ ಹಾಕಿ, ಬಟ್ಟೆಯೊಳಗಿಂದ ಎಡಗೈಯನ್ನಷ್ಟೇ ಹೊರಗೆಳೆದು, ಕಿರುಬೆರಳಿಗೆ ಮಸಿ ಹಚ್ಚಿ ಬಂದೆ. ಬಟ್ಟೆ ಬಿಚ್ಚಿ ಕಾಲು ನೋಡಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷವನ್ನು ನಾನು ಕೊಡಲಿಲ್ಲ.

ಒಂದೂವರೆ ವರ್ಷಕ್ಕೆ ವಿಜಿ ನಡೆದಳು. ಎಡಕ್ಕೊಮ್ಮೆ ವಾಲಿ, ಮತ್ತೆ ನೆಟ್ಟಗಾಗಿ, ಥೇಟ್ ಬಾತುಕೋಳಿ. ವಠಾರಕ್ಕೆ ವಠಾರವೇ ಚಪ್ಪಾಳೆ ತಟ್ಟಿ ನಕ್ಕಿತು. ಮಗುವೂ ಖುಷಿಯಿಂದ ಇನ್ನಷ್ಟು ನಡೆದು ತೋರಿಸಿತು. ಕೆಲವು ತಿಂಗಳು ಕಳೆದರೂ ವಾಲುವುದು ನಿಲ್ಲದಿದ್ದಾಗ ಶಿಲ್ಪಾಗೆ ಕಸಿವಿಸಿಯಾಯಿತು. ಮರಿಯಪ್ಪನವರ ಹೆಂಡತಿ ಅಕ್ಕಯ್ಯಮ್ಮ ತಮಗೆ ತಿಳಿದದ್ದನ್ನು ಹೇಳಿದರು.

"ನಿಮ್ಮ ಮನೇಲಿ ಬಿಸಿಲು ಎಲ್ಲಿದೆ ಹೇಳು? ಬಿಸಿಲು ಕಾಣದ ಮಗೂಗೆ ಮೂಳೆ ಹೆಂಗೆ ಗಟ್ಟಿ ಆಗುತ್ತೆ? ಅದೇನೋ ವಿಟಮಿನ್ ಡಿ ಅಂತಾರಲ್ಲ, ಅದು ಕಮ್ಮಿ ಆಗಿದೆ ಕಣೇ. ದಿನಾ ನಮ್ಮ ಟೆರೇಸ್ ಮೇಲೆ ಆಡ್ಸು."

ಮಾತು ಸುಳ್ಳಲ್ಲ. ಅರ್ಧ ನಿಜ, ಅದಕ್ಕೇ ಎಲ್ಲರೂ ನಂಬಿದೆವು. ಹಾಲವ್ವ ದಿನವೂ ಮೊಮ್ಮಗಳನ್ನು ಟೆರೇಸಿಗೆ ಹೊತ್ತೊಯ್ದಳು. ಮೆಡಿಕಲ್ ಸ್ಟೋರಿನವರನ್ನು ಕೇಳಿ ವಿಟಮಿನ್ ಹನಿಯನ್ನೂ ತಂದು ಹಾಕಿದರು. ಮಗು ಚುರುಕಾಯಿತು, ಮೈಗೆ ಕಳೆ ಬಂತು. ನಡಿಗೆ ಮಾತ್ರ ಹಾಗೇ ಉಳಿಯಿತು. ಯಾರಾದರೂ ಕೇಳಿದರೆ, "ಬಿಸಲಿಗೆ ಬಿಡಾಕತ್ತೀವಲ್ರೀ, ತಡೀರಿ, ಹೋಗ್ತೈತಿ" ಎನ್ನುತ್ತಿದ್ದಳು ಹಾಲವ್ವ. ತಡೆದೆವು. ಹಾಗೆ ಒಂದು ವರ್ಷ ಹೋಯಿತು.

ಒಂದು ಬೆಳಿಗ್ಗೆ ಶಿಲ್ಪಾ ಬಚ್ಚಲಿನ ಮುಂದೆ ವಿಜಿಯ ಮೈ ಒರೆಸುತ್ತಿದ್ದಳು. ದಾಟಿ ಹೋಗುತ್ತಿದ್ದ ನನಗೆ ಮಗುವಿನ ತೊಡೆಯ ಹಿಂದಿನ ಗೆರೆಗಳು ಕಂಡವು. ಎರಡೂ ಕಡೆ ಒಂದೇ ಸಮನಾಗಿರಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿ ಮಂಡಿಗಳನ್ನು ಮಡಿಸಿದೆ. ಎಡಮಂಡಿ ತಗ್ಗಿನಲ್ಲಿತ್ತು. ಮೆಲ್ಲಗೆ ತೊಡೆಗಳನ್ನು ಅಗಲಿಸಿದೆ. ಬಲಗಾಲು ಚಾಪೆ ಮುಟ್ಟುವಷ್ಟು ಹೋಯಿತು, ಎಡಗಾಲು ಅರ್ಧಕ್ಕೇ ನಿಂತಿತು. ಮಗುವನ್ನು ಎತ್ತಿ ತಾಯಿಯ ಕೈಗೆ ಕೊಟ್ಟೆ.

"ಶಿಲ್ಪಾ, ನಾಳೆನೇ ದೊಡ್ಡಾಸ್ಪತ್ರೆಗೆ ಹೋಗೋಣ ಕಣಮ್ಮ. ನಾನೂ ಬರ್ತೀನಿ."

"ಯಾಕ್ರೀ ಬಾಯಾರ?" ಎಂದಳು ಹಾಲವ್ವ. "ನೋವಿಲ್ಲ, ಜ್ವರಾ ಇಲ್ಲ. ಆಡೋ ಕೂಸಿಗೆ ಆಸ್ಪತ್ರಿ ಯಾಕ ಬೇಕು?"

"ನೋವಿದ್ದಿದ್ರೆ ಎಂದೋ ಹೋಗ್ತಿದ್ವಿ ಹಾಲವ್ವನೋರೇ. ನೋವಿಲ್ದೆ ಇರೋದೇ ಇದರ ಮೋಸ."

ಮಕ್ಕಳ ಮೂಳೆ ಡಾಕ್ಟರ್ ಸಂಪತ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಮ್ಮನ್ನು ಹತ್ತಿರ ಕರೆದರು.

"ರುಬ್ಬೋ ಕಲ್ಲು ನೋಡಿದೀರಲ್ಲ? ಗುಂಡು ಕುಳಿಯೊಳಗೆ ಕೂತಿದ್ರೆ ತಾನೇ ತಿರುಗೋದು? ತೊಡೆ ಮೂಳೆಯ ಗುಂಡೂ ಹಾಗೇ ಸೊಂಟದ ಕುಳಿಯಲ್ಲಿ ಕೂರಬೇಕು. ಈ ಮಗೂಗೆ ಎಡಗಡೆ ಅದು ಹೊರಗೇ ಉಳಿದಿದೆ. ಗುಂಡು ಕೂರದೆ ಕುಳಿಯೂ ಸರಿಯಾಗಿ ಬೆಳೆದಿಲ್ಲ."

"ವರ್ಷಪೂರ್ತಿ ಬಿಸಲಾಗ ಆಡಸೇವ್ರಿ ಸರ, ವಿಟಮಿನ್ ಡಿ ಹಾಕೇವಿ," ಎಂದ ಶ್ರೀಶೈಲ.

"ಅದು ಬೇಕೇ ಬೇಕು. ಇಲ್ದಿದ್ರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತೆ. ಆದ್ರೆ ಜಾರಿದ ಗುಂಡನ್ನ ವಿಟಮಿನ್ ತಂದು ಕೂರಿಸಲ್ಲಪ್ಪ. ಮೊದಲ ತಿಂಗಳುಗಳಲ್ಲೇ ಬಂದಿದ್ರೆ ಕಾಲು ಅಗಲಿಸಿ ಹಿಡಿಯೋ ಒಂದು ಪಟ್ಟಿಯಲ್ಲೇ ಸರಿಹೋಗೋ ಸಾಧ್ಯತೆ ಇತ್ತು. ಈಗ ಆಪರೇಶನ್ ಮಾಡ್ಬೇಕು."

ಹೊರಗೆ ಮೆಟ್ಟಿಲ ಮೇಲೆ ಹಾಲವ್ವ ಕೂತಳು. ನನ್ನ ಕೈ ಹಿಡಿದು ಕೇಳಿದಳು: "ಖರೇ ಹೇಳ್ರಿ. ನಾ ಕಟ್ಟಿದ್ದಕ್ಕ ಆತೇನು?"

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಹೌದು ಎಂದರೆ ಪೂರ್ತಿ ನಿಜವಾಗುತ್ತಿರಲಿಲ್ಲ. ಚೊಚ್ಚಲ ಹೆಣ್ಣುಮಗು, ಅದೂ ಅಂಡು ಕೆಳಗಾಗಿ ಕೂತದ್ದು. ಇಂಥ ಮಕ್ಕಳಿಗೆ ಇದು ಹೆಚ್ಚಾಗಿ ಬರುತ್ತದಂತೆ. ಸಡಿಲವಾಗಿದ್ದ ಕೀಲನ್ನು ಬಿಗಿದು ಕಟ್ಟಿದ್ದು ಇನ್ನಷ್ಟು ಕೆಡಿಸಿರಬಹುದು. ಇಷ್ಟನ್ನೂ ಹೇಳಿದೆ. "ನಾನೂ ಬಿಚ್ಚಿ ನೋಡ್ಲಿಲ್ಲ. ಅದು ನನ್ನ ತಪ್ಪು," ಎಂದೂ ಹೇಳಿದೆ. ಹಾಲವ್ವ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕೂತಳು. ನನಗೆ ಅಳು ತಡೆಯಲಾಗಲಿಲ್ಲ.

ಆಪರೇಶನ್ ಆಯಿತು. ಸೊಂಟದಿಂದ ಪಾದದವರೆಗೆ ಮೂರು ತಿಂಗಳು ಪ್ಲಾಸ್ಟರ್. ಮೂರು ವರ್ಷದ ಮಗು ಬಾಗಿಲಲ್ಲಿ ಮಲಗಿ ಓಡಾಡುವ ಮಕ್ಕಳನ್ನು ನೋಡುತ್ತಿತ್ತು. ಬಾತುಕೋಳಿ ಎಂದವರೇ ತಿಂಡಿ ತಂದುಕೊಟ್ಟು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಪ್ಲಾಸ್ಟರ್ ಬಿಚ್ಚಿ, ಮತ್ತೆ ನಡೆಯಲು ಕಲಿಸಿ, ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದರು. ಕುಂಟು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

2008ರಲ್ಲಿ ಶಿಲ್ಪಾಗೆ ಎರಡನೆಯ ಮಗಳು ಹುಟ್ಟಿದಳು. ಅಕ್ಕನಿಗೆ ಇದ್ದದ್ದು ತಂಗಿಗೂ ಬರಬಹುದೆಂದು ಡಾಕ್ಟರು ಹುಟ್ಟಿದ ದಿನವೇ ಸೊಂಟ ನೋಡಿದರು, ಆರನೇ ವಾರಕ್ಕೆ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು. ಆದರೆ ಹಾಲವ್ವ ಕೂಸನ್ನು ಮುಟ್ಟಲೇ ಒಪ್ಪಲಿಲ್ಲ. ನಾನು ಹೋದಾಗ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ನನ್ನ ಕೈಯಾಗ ಕೊಡಬ್ಯಾಡ್ರಿ ಬಾಯಾರ. ಕಟ್ಟಿದ್ರ ಹಿಂಗ ಆಗ್ತೈತಿ, ಬಿಟ್ರ ಕಾಲು ಸೊಟ್ಟ ಆಗ್ತಾವ. ನಂಗ ಯಾವುದೂ ತಿಳಿಯಂಗಿಲ್ಲ."

"ಬಿಟ್ರೆ ಸೊಟ್ಟ ಆಗಲ್ಲ. ಹುಟ್ಟಿದ ಮಗು ಕಾಲು ಮಡಿಚ್ಕೊಂಡೇ ಇರುತ್ತೆ, ಅದೇ ಅದಕ್ಕೆ ಸರಿ. ಎದೆಗೆ ಬಟ್ಟೆ ಸುತ್ತಿ. ಸೊಂಟದ ಕೆಳಗೆ ಸಡಿಲ ಬಿಡಿ, ಕಪ್ಪೆ ಥರ ಕಾಲು ಆಡಿಸ್ಲಿ. ಕತ್ತು ನಿಂತ ಮೇಲೆ ನೀವು ಬಗಲಲ್ಲಿ ಎತ್ಕೊಳ್ತೀರಲ್ಲ, ಕಾಲು ಆಚೆಗೊಂದು ಈಚೆಗೊಂದು, ಅದು ತುಂಬಾ ಒಳ್ಳೇದು. ನಿಮ್ಮ ಕೈಗೆ ಗೊತ್ತಿರೋದೆಲ್ಲ ತಪ್ಪಲ್ಲ ಹಾಲವ್ವನೋರೇ."

ಅವಳು ಈ ಕಡೆ ತಿರುಗಿ ಕೂಸನ್ನು ತೊಡೆಯ ಮೇಲೆ ತೆಗೆದುಕೊಂಡಳು. ಎದೆಗೆ ಬಟ್ಟೆ ಸುತ್ತಿದಳು. ಸೊಂಟದ ಕೆಳಗೆ ನನ್ನ ಕೈ ತೂರುವಷ್ಟು ಜಾಗ ಬಿಟ್ಟಳು. ಕೂಸು ಒಳಗೇ ಪಟಪಟ ಕಾಲು ಆಡಿಸಿತು. ನಾಲ್ಕು ವರ್ಷದ ವಿಜಿ ಓಲಾಡುತ್ತ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು.

"ಆಯಿ, ನನಗೂ ಹಿಂಗ ಕಟ್ಟಿದ್ದೇನು?"

ಶಿಲ್ಪಾ ತಲೆ ತಗ್ಗಿಸಿದಳು. ಹಾಲವ್ವ ಮೊಮ್ಮಗಳ ಎಡಗಾಲನ್ನು ಸವರಿದಳು.

"ಇಲ್ಲ ನನ್ನವ್ವಾ. ನಿನಗ ಬಿಗಿಯಾಗಿ ಕಟ್ಟಿದ್ದೆ. ನಂಗ ಗೊತ್ತಿರಲಿಲ್ಲ."

"ಹೋಗ್ಲಿ ಬಿಡು," ಎಂದಳು ವಿಜಿ.

ಅಷ್ಟು ದಿನ ತಡೆದಿಟ್ಟ ಅಳು ಅವತ್ತು ಹಾಲವ್ವನಿಂದ ಹೊರಗೆ ಬಂತು. ಸ್ಕ್ಯಾನಿನಲ್ಲಿ ಚಿಕ್ಕವಳ ಎರಡೂ ಕೀಲು ಸರಿಯಾಗಿದ್ದವು. ಅವಳಿಗೆ ದಿನಕ್ಕೆ ಎಷ್ಟು ವಿಟಮಿನ್ ಡಿ ಹನಿ ಹಾಕಬೇಕೆಂದು ಡಾಕ್ಟರೇ ಬರೆದುಕೊಟ್ಟರು. ಈಗ ಬಾಪೂಜಿ ನಗರದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನನಗಿಂತ ಮೊದಲು ಹಾಲವ್ವ ಹೋಗಿ ಕೂಸಿನ ಕಾಲಿಗೆ ಕಟ್ಟಿದ ಬಟ್ಟೆ ಬಿಚ್ಚಿಸುತ್ತಾಳೆ.

ಇದನ್ನು ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಎಳೆಮಗು ಇದ್ದರೆ ಇವತ್ತೇ ಬಟ್ಟೆ ಬಿಚ್ಚಿ ನೋಡಿ. ತೊಡೆಯ ಗೆರೆಗಳು ಎರಡೂ ಕಡೆ ಬೇರೆ ಬೇರೆಯಾಗಿದ್ದರೆ, ಬಟ್ಟೆ ಬದಲಿಸುವಾಗ ಒಂದು ಕಾಲು ಸರಿಯಾಗಿ ಅಗಲವಾಗದಿದ್ದರೆ, ಒಂದು ಕಾಲು ಗಿಡ್ಡ ಕಂಡರೆ, ನಡೆಯುವ ಮಗು ವಾಲಿದರೆ, ನೋವಿಲ್ಲವೆಂದು ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಅಂಡು ಕೆಳಗಾಗಿದ್ದ ಮಗುವಾದರೆ, ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ, ಏನೂ ಕಾಣದಿದ್ದರೂ ತೋರಿಸಿ. ಬಾಣಂತಿಯನ್ನೂ ಮಗುವನ್ನೂ ತಿಂಗಳುಗಟ್ಟಲೆ ಕತ್ತಲಲ್ಲಿ ಇಡಬೇಡಿ. ವಿಟಮಿನ್ ಡಿ ಹನಿಯನ್ನು ಡಾಕ್ಟರನ್ನು ಕೇಳಿಯೇ ಹಾಕಿ, ಹೇಳಿದ್ದಕ್ಕಿಂತ ಹೆಚ್ಚು ಬೇಡ. ಮಗುವಿನ ಕಾಲು ಕಟ್ಟಬೇಡಿ. ನಾನು ನೋಡದೆ ಬಂದೆ. ನೀವು ನೋಡಿ.